ನಾಲ್ಕನೇ ಭಾಗದ ಅಜಿತ್

ಕಾಚಿಗೂಡದ ಆ ಗಲ್ಲಿಯಲ್ಲಿ ಕನ್ನಡ ಓದುವ ಹೆಂಗಸರು ಐದು ಜನ, ಊರ ಕಡೆಯಿಂದ ಬರುವ ಕಾದಂಬರಿ ಮಾತ್ರ ಒಂದೇ ಒಂದು ಪ್ರತಿ. ಹುಬ್ಬಳ್ಳಿಯ ಅಣ್ಣ ಅಮೃತಪ್ಪ ವ್ಯಾಪಾರಕ್ಕೆಂದು ಹೈದರಾಬಾದಿಗೆ ಬಂದಾಗಲೆಲ್ಲ ತಂಗಿ ಗುರುಬಾಯಿಗೆ ಒಂದೋ ಎರಡೋ ಕಾದಂಬರಿ ತಂದುಕೊಡುತ್ತಿದ್ದ. ಒಬ್ಬಳು ಓದಿ ಮುಗಿಸುವ ತನಕ ಉಳಿದ ನಾಲ್ವರು ಕೈಕಟ್ಟಿ ಕೂರಬೇಕೆಂದರೆ ಸ್ನೇಹ ಉಳಿಯುವ ಹಾಗಿರಲಿಲ್ಲ. ಅದಕ್ಕೆ ಗುರುಬಾಯಿ ಒಂದು ದಾರಿ ಹುಡುಕಿದ್ದಳು. ಗಂಡ ಶಿವಶರಣಪ್ಪನ ಬಟ್ಟೆ ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ದೊಡ್ಡ ಕತ್ತರಿ ತರಿಸಿ, ಪುಸ್ತಕದ ಬೆನ್ನು ಬಿಡಿಸಿ, ನಾಲ್ಕು ಭಾಗ ಮಾಡಿ, ದಪ್ಪ ದಾರದಿಂದ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಕಾದಂಬರಿಯ ಹೆಸರೂ ಭಾಗದ ಅಂಕಿಯೂ ಬರೆದುಬಿಡುವಳು. ಒಂದೇ ಹೊತ್ತಿಗೆ ನಾಲ್ಕು ಮನೆಯಲ್ಲಿ ಓದು ನಡೆಯುತ್ತಿತ್ತು.

ಕೆಲವರಿಗೆ ಮೊದಲು ಮೂರನೇ ಭಾಗ ಸಿಗುತ್ತಿತ್ತು, ಆಮೇಲೆ ಒಂದನೆಯದು. ಅದರಿಂದ ಯಾರಿಗೂ ತೊಂದರೆ ಆದದ್ದಿಲ್ಲ. ಆ ಕಾದಂಬರಿಗಳನ್ನು ಎಲ್ಲಿಂದ ಓದಿದರೂ ನಾಯಕನಿಗೆ ಸಿಟ್ಟು ಬಂದಿರುತ್ತಿತ್ತು.

ಆ ವರ್ಷ, ಅಂದರೆ ಎಂಬತ್ತೈದೋ ಎಂಬತ್ತಾರೋ ಇರಬೇಕು, ಅಮೃತಪ್ಪ ಒಂದೇ ಲೇಖಕಿಯ ಎರಡು ಕಾದಂಬರಿ ತಂದ. ಒಂದು 'ಬಲವಂತದ ಬಾಸಿಂಗ', ಇನ್ನೊಂದು 'ಹಟಮಾರಿಯ ಹಂದರ'. ಎರಡರಲ್ಲೂ ನಾಯಕನ ಹೆಸರು ಅಜಿತ್. ಆ ಲೇಖಕಿಗೆ ಬೇರೆ ಹೆಸರು ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ. ಗುರುಬಾಯಿ ಎರಡನ್ನೂ ಒಂದೇ ಮಧ್ಯಾಹ್ನ ಕತ್ತರಿಸಿ ಹೊಲಿದಳು. ನಡುವೆ ಅಂಗಡಿಯಿಂದ ಕತ್ತರಿ ಬೇಕೆಂದು ಎರಡು ಸಲ ಕೂಗು ಬಂತು. ಅವಳು ಗಡಿಬಿಡಿಯಲ್ಲಿ ಮುಗಿಸಿ ಹಂಚಿದಳು.

'ಬಲವಂತದ ಬಾಸಿಂಗ' ಗಲ್ಲಿಯನ್ನೇ ಅಲುಗಾಡಿಸಿತು. ಅಜಿತ್ ತಾಯಿಯಿಲ್ಲದ ಹುಡುಗ, ಅಜ್ಜಿ ಸಾಕಿದ್ದು. ಅಜ್ಜಿ ಹಾಸಿಗೆ ಹಿಡಿದು, ಕಣ್ಣು ಮುಚ್ಚುವ ಮೊದಲು ಮೊಮ್ಮಗನ ಮದುವೆ ನೋಡಬೇಕು ಅನ್ನುತ್ತಾಳೆ. ಅಜಿತ್ ಹಲ್ಲು ಕಚ್ಚಿ ಸುಷ್ಮಾಳಿಗೆ ತಾಳಿ ಕಟ್ಟುತ್ತಾನೆ. ಮೊದಲ ರಾತ್ರಿ ಕಿಟಕಿಯ ಹೊರಗೆ ನೋಡುತ್ತ, "ಇದು ಅಜ್ಜಿಗಾಗಿ ಆದ ಮದುವೆ" ಎಂದು ಹೇಳಿ ವರಾಂಡದಲ್ಲಿ ಮಲಗುತ್ತಾನೆ. ಅಲ್ಲಿಂದ ಮುಂದೆ ಎರಡು ಭಾಗದುದ್ದಕ್ಕೂ ಅವನು ಕಾಫಿ ಚೆಲ್ಲುತ್ತಾನೆ, ಕಾರಿನ ಬಾಗಿಲು ಬಡಿಯುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ. ಯಾಕೆ ಎಂದು ಕೇಳುವ ಹಕ್ಕು ಸುಷ್ಮಾಳಿಗಿಲ್ಲ, ಓದುವವರಿಗೂ ಇಲ್ಲ.

"ಇವನ ಮಾರಿಗೆ ಲಟ್ಟಣಿಗಿ ತಗೊಂಡು ಬಾರಿಸಬೇಕು," ಎಂದು ಗುರುಬಾಯಿಯೇ ಎರಡನೇ ಭಾಗದಲ್ಲಿ ಕೂಗಿದ್ದಳು. ಕೂಗಿದವಳೇ ರೊಟ್ಟಿ ಸೀಯಲು ಬಿಟ್ಟು ಮೂರನೆಯದಕ್ಕೆ ಕೈ ಹಾಕಿದ್ದಳು.

ನಾಲ್ಕನೇ ಭಾಗದಲ್ಲಿ ಅವನಿಗೆ ಜ್ವರ ಬಂತು. ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಹೆಂಡತಿ ಕೂತೇ ಇದ್ದಳು. ಅಜಿತ್ ಕಣ್ಣು ತೆರೆದು, "ಮಾಧವೀ, ನಾನು ಕಲ್ಲಾಗಿದ್ದೆ" ಎಂದು ಅತ್ತ. ಐದು ಮನೆಯಲ್ಲಿ ಐದು ಹೆಂಗಸರೂ ಅತ್ತರು.

ಕಮಲಾಕ್ಷಿ ಮಾತ್ರ ಅಳುವ ಮೊದಲು ಒಂದು ಪ್ರಶ್ನೆ ಎತ್ತಿದಳು. ಅವಳು ಮೈಸೂರು ಕಡೆಯವಳು, ಗಂಡನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. "ಏನ್ರೀ ಗುರುಬಾಯಿ, ಮೂರನೇ ಭಾಗದವರೆಗೂ ಸುಷ್ಮಾ ಇದ್ಲಲ್ಲ, ಎಲ್ಲಿ ಹೋದ್ಲು? ಈ ಮಾಧವಿ ಯಾರು?"

ಗುರುಬಾಯಿ ನಕ್ಕುಬಿಟ್ಟಳು. "ಅಯ್ಯ, ಅಕಿನ ಇಕಿರಿ. ಲಗ್ನ ಆದಮ್ಯಾಲೆ ಅತ್ತಿ ಮನ್ಯಾಗ ಹೆಸರು ಬದಲಿ ಮಾಡ್ಯಾರ. ನಿಮ್ಮ ಕಡೆ ಮಾಡಂಗಿಲ್ಲೇನು?"

"ಇಲ್ಲಪ್ಪ. ಹುಟ್ಟಿದ ಹೆಸರೇ ಕಡೇವರೆಗೂ."

"ನಮ್ಮ ಕಡೆ ತಟ್ಟ್ಯಾಗ ಅಕ್ಕಿ ಹಾಕಿ, ಉಂಗುರಲೇ ಹೊಸಾ ಹೆಸರು ಬರೀತಾರ. ನಾ ತವರುಮನ್ಯಾಗ ಶಿವದೇವಿ ಇದ್ದೆ. ಇಲ್ಲಿಗೆ ಬಂದಮ್ಯಾಲೆ ಗುರುಬಾಯಿ ಆದೆ."

ಉಳಿದ ಮೂವರೂ ತಲೆಯಾಡಿಸಿದರು. ಅವರದೂ ಅದೇ ಕಥೆ. ಊರಿಗೊಂದು ಪದ್ಧತಿ ಇರುತ್ತದೆ ಎಂದುಕೊಂಡು ಕಮಲಾಕ್ಷಿ ಸುಮ್ಮನಾಗಿ, ಬಿಟ್ಟ ಅಳುವನ್ನು ಮುಂದುವರಿಸಿದಳು. ಅದೇ ತಿಂಗಳು ಓದಿದ 'ಹಟಮಾರಿಯ ಹಂದರ' ಯಾರಿಗೂ ಹಿಡಿಸಲಿಲ್ಲ. ಅದರ ಅಜಿತ್ ಮೊದಲಲ್ಲಿ ಮುಂಗೋಪಿಯಾದರೂ ಮಾತಾಡುವವನು, ಮಾಧವಿಗೆ ಮಲ್ಲಿಗೆ ತರುವವನು. ಕೊನೆಗೆ ಯಾಕೋ ಮುಖ ಗಂಟಿಕ್ಕಿಕೊಂಡೇ ಕಥೆ ಮುಗಿಸಿದ್ದ. ಲೇಖಕಿಗೆ ಅವಸರವಾಗಿರಬೇಕು ಎಂದು ತೀರ್ಮಾನ ಮಾಡಿ ಅದನ್ನು ಗುರುಬಾಯಿಯ ಮನೆಯ ಬಿಸ್ಕೀಟಿನ ಡಬ್ಬದ ತಳಕ್ಕೆ ಹಾಕಿದರು. ಅಲ್ಲಿಯೂ ಕೊನೆಯಲ್ಲಿ ಮಾಧವಿಯ ಹೆಸರು ಬದಲಾಗಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಗುರುಬಾಯಿಯ ಮಗಳು ನೀಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದಳು. ಇಡೀ ದಿನ ಊರೂರಿನ ಟ್ರಂಕ್ ಕಾಲ್ ಜೋಡಿಸಿ, ತೆಲುಗು, ಹಿಂದಿ, ಕನ್ನಡ ಮೂರರಲ್ಲೂ "ಮಾತಾಡ್ರಿ, ಮಾತಾಡ್ರಿ" ಎಂದು ಜನರನ್ನು ಎಬ್ಬಿಸಿ ಬರುವವಳಿಗೆ ಬಾಯಿ ಬಿಡದ ಗಂಡಸರ ಮೇಲೆ ಸಹನೆ ಕಡಿಮೆ. "ಜ್ವರಾ ಬರದಿದ್ರ ಏನ್ ಮಾಡ್ತಿದ್ಲು ಅವ್ವ ಅಕಿ? ಗಟ್ಟಿಮುಟ್ಟ ಇದ್ದಿದ್ರ ಅಂವ ಸಾಯೂತನಾ ಮಾತಾಡ್ತಿದ್ದಿಲ್ಲಲ್ಲ," ಅನ್ನುವಳು. ಗುರುಬಾಯಿಗೆ ಇದು ಓದಿದ ಮಗಳ ಕೊಬ್ಬಾಗಿ ಕಾಣುತ್ತಿತ್ತು.

ಅಂಥ ಹೊತ್ತಿನಲ್ಲೇ ಶಿವಾನಂದನ ಸಂಬಂಧ ಬಂತು. ಶಿವಶರಣಪ್ಪನ ದೂರದ ನೆಂಟರ ಪೈಕಿ. ಹುಡುಗ ಇಲ್ಲಿಯೇ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಂಜಿನಿಯರು. ಊರಲ್ಲಿ ಅವನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಮೊಮ್ಮಗನ ಲಗ್ನ ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಇದನ್ನು ಕೇಳಿದ್ದೇ ಗುರುಬಾಯಿಯ ಮೈ ಜುಮ್ಮೆಂದಿತು.

ಹೆಣ್ಣು ನೋಡಲು ಬಂದ ಶಿವಾನಂದ ಗೋಡೆಯ ಕ್ಯಾಲೆಂಡರನ್ನು ನೋಡಿದ. ಚೂಡಾ ತಿನ್ನಲಿಲ್ಲ. ಚಹಾ ಆರಿದ ಮೇಲೆ ಕುಡಿದ. ನೀಲಾಳೇ ಧೈರ್ಯ ಮಾಡಿ ಅವನನ್ನು ಬಾಲ್ಕನಿಗೆ ಕರೆದೊಯ್ದು, ನಿಮಗೆ ಏನಾದರೂ ಕೇಳುವುದಿದೆಯೇ ಎಂದಳು. ಅವನು ಗಲ್ಲಿಯ ಕಡೆ ನೋಡುತ್ತ, "ನಾ ನಮ್ಮ ಅಜ್ಜಿ ಸಲುವಾಗಿ ಬಂದೇನ್ರಿ," ಎಂದ. ಅಲ್ಲಿಗೆ ಆ ಸಂಭಾಷಣೆ ಮುಗಿಯಿತು.

ಅವರು ಹೋದ ಮೇಲೆ ನೀಲಾ ತಾಯಿಯ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದಳು. "ಅವ್ವ, ನನಗ ಇಂವ ಬ್ಯಾಡ. ಅವಗ ನಾನೂ ಬ್ಯಾಡ. ಬಾಯಿ ಬಿಟ್ಟು ಹಂಗ ಹೇಳ್ಯಾನ."

ಅವನು ಆಡಿದ ಮಾತನ್ನು ಕೇಳಿ ಗುರುಬಾಯಿ ಗಲ್ಲದ ಮೇಲೆ ಕೈಯಿಟ್ಟಳು. ಕಣ್ಣಲ್ಲಿ ಬೆಳಕೇ ಬಂತು. "ಹಂಗಂದ್ನಾ? ಅದ ಮಾತು ಅಂದ್ನಾ? ಕಿಡಕಿ ಹೊರಗ ನೋಡಿಕೋತನ ಅಂದ್ನಾ?"

"ಅವ್ವ, ಅದು ಕಾದಂಬರಿ."

"ಇದು ಒಂದನೇ ಭಾಗ ಐತಿ ನೀಲಾ. ಇನ್ನಾ ಮೂರು ಅದಾವ. ಗಂಡಸರು ಮೊದಲಿಗೆ ಹಿಂಗ ಇರ್ತಾರ, ಆಮ್ಯಾಲೆ ಕರಗತಾರ."

"ಅಪ್ಪ ಕರಗ್ಯಾನೇನು?"

ಶಿವಶರಣಪ್ಪ ಒಳ್ಳೆಯ ಮನುಷ್ಯ. ಗಿರಾಕಿಗಳ ಜೊತೆ ನಾಲ್ಕು ಭಾಷೆಯಲ್ಲಿ ಹರಟುವವನು ಮೆಟ್ಟಿಲು ಹತ್ತಿ ಮನೆಗೆ ಬಂದರೆ ಮಾತನ್ನು ಅಂಗಡಿಯಲ್ಲೇ ಬೀಗ ಹಾಕಿ ಬರುತ್ತಿದ್ದ. ಮಣೆಯ ಮೇಲೆ ಕೂತು "ಬಡಸು" ಅನ್ನುವನು. ಮದುವೆಯಾಗಿ ಇಪ್ಪತ್ತೈದು ವರ್ಷ ಆಗಿತ್ತು. ಅವಳಿಗೆ ಆಗಾಗ ಅನಿಸುತ್ತಿತ್ತು, ತಮ್ಮದು ಮೂರನೇ ಭಾಗ ಸ್ವಲ್ಪ ಉದ್ದವಾಗಿದೆ ಎಂದು.

ಶಿವಶರಣಪ್ಪನನ್ನು ಕೇಳಿದಾಗ, "ನಿಮ್ಮ ನಿಮ್ಮೊಳಗ ನೋಡಿಕೊಳ್ರಿ," ಎಂದ. ಗುರುಬಾಯಿ ನೋಡಿಕೊಂಡಳು. ನಿಶ್ಚಯದ ದಿನ ಗೊತ್ತಾಯಿತು. ನೀಲಾ ಅತ್ತಳು, ಊಟ ಬಿಟ್ಟಳು, ಆಮೇಲೆ ಅಳುವುದನ್ನೂ ಬಿಟ್ಟಳು. ಕೆಲಸದಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮನೆಯಲ್ಲಿ ಮಾತಾಡದವರ ಸಂಖ್ಯೆ ಎರಡಾಯಿತು. ಗುರುಬಾಯಿಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ಆದರೆ ನಾಲ್ಕನೇ ಭಾಗವನ್ನು ಕಣ್ಣಾರೆ ಓದಿದವಳು ಅವಳು. ನಂಬಿಕೆ ಬಿಡುವುದಾದರೂ ಹೇಗೆ?

ನಿಶ್ಚಯಕ್ಕೆ ಹಿಂದಿನ ದಿನ ಅತ್ತೆ ಅಂಬವ್ವ, "ಆ ಅಜಿತನ ಕಥಿ ಮತ್ತೊಮ್ಮೆ ಓದು, ನೀಲಾನೂ ಕೇಳ್ಲಿ, ಮನಸು ಹಗರಾಗ್ತೈತಿ," ಎಂದಳು. ಅಂಬವ್ವನಿಗೆ ಓದು ಬಾರದು. ಕಿವಿ ಮಾತ್ರ ಚುರುಕು. ಗುರುಬಾಯಿ ಹೋಳಿಗೆಗೆ ಬೇಳೆ ಬೇಯಲು ಇಟ್ಟು, ಗಲ್ಲಿಯ ಮನೆಗಳಿಂದ ನಾಲ್ಕೂ ಭಾಗಗಳನ್ನು ತರಿಸಿ, ಒಂದರಿಂದ ಓದತೊಡಗಿದಳು. ನೀಲಾ ಬಾಗಿಲಿಗೆ ಒರಗಿ, ಕೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು ಎಂಬಂತೆ ಕೂತಿದ್ದಳು. ಹಾಗೆ ನೋಡಿದರೆ ಕಾದಂಬರಿಯನ್ನು ಯಾರಾದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್ಕಿನಲ್ಲಿ ಓದಿದ್ದು ಆ ಗಲ್ಲಿಯಲ್ಲಿ ಅದೇ ಮೊದಲು.

ಮೂರನೇ ಭಾಗದ ಕೊನೆಯ ಸಾಲು ಅರ್ಧಕ್ಕೆ ನಿಂತಿತ್ತು: "ಅಜಿತ್ ಬಾಗಿಲು ದೂಡಿ ಒಳಗೆ". ನಾಲ್ಕನೆಯದರ ಮೊದಲ ಮಾತು: "ಬಂದನು. ಅವನ ಮೈ ಕೆಂಡದಂತೆ ಸುಡುತ್ತಿತ್ತು." ಎಷ್ಟು ಸಲೀಸಾಗಿ ಕೂಡಿತ್ತೆಂದರೆ ಗುರುಬಾಯಿ ಉಸಿರು ಕೂಡ ತೆಗೆದುಕೊಳ್ಳದೆ ಮುಂದೆ ಓದಿದಳು. ಜ್ವರ ಏರಿತು. ಅಜಿತನ ತಾಯಿ ಗಂಜಿ ಹಿಡಿದು ಹಾಸಿಗೆಯ ಹತ್ತಿರ ಬಂದಳು.

"ನಿಂದ್ರು," ಎಂದಳು ಅಂಬವ್ವ. "ಇವನ ತಾಯಿ ಸತ್ತಿದ್ದಳಲ್ಲ ಒಂದನೇದ್ರಾಗ. ಸತ್ತಾಕಿ ಗಂಜಿ ಹೆಂಗ ತಂದ್ಲು?"

"ಕಾಕಿ ಇರಬೇಕ್ರಿ ಅತ್ತಿ."

"ಕಾಕಿಗೆ ತಾಯಿ ಅಂತ ಯಾಕ ಬರೀತಾರ?"

ಗುರುಬಾಯಿ ಮೊದಲ ಬಾರಿಗೆ ಪುಟದ ಕೆಳಗಿನ ಅಂಕಿ ನೋಡಿದಳು. ಮೂರನೇ ಭಾಗದ ಕೊನೆಯ ನಾಲ್ಕು ಪುಟದ ಅಂಕಿಗಳೇ ನಾಲ್ಕನೆಯದರ ಮೊದಲಲ್ಲೂ ಇದ್ದವು. ನಾಲ್ಕನೆಯದರ ಕಾಗದವೂ ಒಂದು ತೂಕ ಹೆಚ್ಚು ಹಳದಿ. ಅವಳು ಎದ್ದು ಬಿಸ್ಕೀಟಿನ ಡಬ್ಬ ತೆಗೆದು ತಳಕ್ಕೆ ಕೈ ಹಾಕಿ, 'ಹಟಮಾರಿಯ ಹಂದರ'ದ ನಾಲ್ಕನೇ ಭಾಗ ಹೊರಗೆಳೆದಳು. ಅದರ ಮೊದಲ ಮಾತು: "ಇಣುಕಿ ನೋಡಿ, ಹಾಗೆಯೇ ಹೊರಟುಹೋದನು."

ಅಂಗಡಿಯಿಂದ ಕತ್ತರಿ ಬೇಕೆಂದು ಬಂದ ಎರಡು ಕೂಗು ಅವಳ ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು. ಆ ಗಡಿಬಿಡಿಯಲ್ಲಿ ಎರಡು ಕಾದಂಬರಿಯ ನಾಲ್ಕನೇ ಭಾಗಗಳು ಅದಲುಬದಲಾಗಿದ್ದವು.

ಅವಳು ಅಡುಗೆಮನೆಗೆ ಹೋಗಿ ಬೇಳೆಯ ಗಡಿಗೆಯ ಪಕ್ಕ ಕೂತು ಸುಷ್ಮಾಳ ನಿಜವಾದ ನಾಲ್ಕನೇ ಭಾಗವನ್ನು ಈಗ ಸರಿಯಾಗಿ ಓದಿದಳು. ಅಜಿತನಿಗೆ ಜ್ವರವೇನೂ ಬರಲಿಲ್ಲ. ಅಜ್ಜಿ ಸಾಯಲಿಲ್ಲ, ಎದ್ದು ಕೂತು, ಹಪ್ಪಳ ತಿನ್ನುವಷ್ಟು ಗಟ್ಟಿಯಾದಳು. ಸುಷ್ಮಾ ಅವಳ ಕಾಲು ಒತ್ತಿದಳು, ಅವನ ಅಂಗಿ ಇಸ್ತ್ರಿ ಮಾಡಿದಳು. ಕೊನೆಯ ಪುಟದಲ್ಲಿ ಒಂದು ಸಂಜೆ ಅಜಿತ್ ಕೆಲಸದಿಂದ ಬಂದು ಮೇಜಿನ ಮುಂದೆ ಕೂತು, ಅವಳ ಕಡೆ ನೋಡದೆಯೇ, "ಬಡಿಸು" ಎಂದ. ಆ ಮೊದಲ ರಾತ್ರಿಯ ನಂತರ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಸುಷ್ಮಾಳ ಕಣ್ಣಿನಿಂದ ಆನಂದಬಾಷ್ಪ ಉದುರಿತು. ಶುಭಂ.

ಗುರುಬಾಯಿ ಆ ಪುಟವನ್ನು ಎರಡು ಸಲ ಓದಿದಳು. ಹಿಂದೆ ಓದಿದಾಗ ಲೇಖಕಿಗೆ ಅವಸರವಾಗಿದೆ ಅನ್ನಿಸಿತ್ತು. ಈಗ ಹಾಗನ್ನಿಸಲಿಲ್ಲ. ಲೇಖಕಿ ತನ್ನ ಮನೆಗೆ ಬಂದು ಕೂತು ನೋಡಿ ಬರೆದಂತಿತ್ತು. ಅವಳಿಗೆ ದುಃಖವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಕರಗಿದ ಅಜಿತ್ ಬೇರೆಯವನು, ಮೊದಲಿನಿಂದಲೂ ಮಲ್ಲಿಗೆ ತರುತ್ತಿದ್ದವನು. ಹುಬ್ಬು ಗಂಟಿಕ್ಕಿದವನು ಹುಬ್ಬು ಗಂಟಿಕ್ಕಿಕೊಂಡೇ ಊಟಕ್ಕೆ ಕೂತಿದ್ದ.

ಅಂಬವ್ವ ಒಳಗೆ ಬಂದು, "ಏನಾತು?" ಎಂದಳು.

"ಅತ್ತಿ, ನಿಮ್ಮ ಹುಟ್ಟಿದ ಹೆಸರು ಏನಿತ್ರಿ?"

ಮುದುಕಿ ಬೇಳೆಯ ಉಗಿಯನ್ನು ನೋಡುತ್ತ ನಿಂತಳು. ತುಟಿ ಎರಡು ಸಲ ಅಲ್ಲಾಡಿತು. "ಏನೋ ಇತ್ತವಾ," ಎಂದಳು. "ಛಂದ ಇತ್ತು."

ಮರುದಿನ ಬೀಗರು ಬಂದರು. ಶಿವಾನಂದ, ಅವನ ತಾಯಿ ಗಿರಿಜಾಬಾಯಿ, ಮತ್ತೆ ನಾಲ್ಕು ಜನ ಹಿರಿಯರು. ಅಜ್ಜಿ ಊರಲ್ಲೇ ಇದ್ದಳು, ಹಾಸಿಗೆಯಿಂದಲೇ ಎಲ್ಲ ನಡೆಸುತ್ತಿದ್ದಳು. ಓದುವ ಹೆಂಗಸರು ಜರಿ ಸೀರೆಯುಟ್ಟು ಒಂದು ಸಾಲಾಗಿ ಕೂತಿದ್ದರು. ನೀಲಾಳನ್ನು ಕರೆತಂದು ಕೂರಿಸಿದರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಗುರುಬಾಯಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಬೆಳಿಗ್ಗೆ ಗಂಡನಿಗೆ ಹೇಳಲು ಹೋದರೆ ಅವನು, "ಮಾತು ಕೊಟ್ಟೇವಿ," ಎಂದಿದ್ದ. ಎರಡೇ ಮಾತಿನಲ್ಲಿ ಮುಗಿಸಿದ್ದ.

ಸಕ್ಕರೆಯ ತಟ್ಟೆ ಗುರುಬಾಯಿಯ ಕೈಗೆ ಬಂತು. ಅದನ್ನು ಅವಳು ಬೀಗಿತಿಯ ಮುಂದೆ ಹಿಡಿದರೆ, ಇಬ್ಬರೂ ಬಾಯಿ ಸಿಹಿ ಮಾಡಿಕೊಂಡರೆ, ನಿಶ್ಚಯ ಆದ ಹಾಗೆ. ಗಿರಿಜಾಬಾಯಿ ನಗುತ್ತ, "ಹೆಸರೂ ಆರಿಸೇವ್ರಿ," ಎಂದಳು. "ನೀಲಾ ಅನ್ನೂದು ನಮ್ಮ ಅತ್ತಿಗೆ ಸೇರಿಲ್ಲ. ಯಮುನಾಬಾಯಿ ಅಂತ ಇಡ್ರಿ ಅಂದಾರ. ಲಗ್ನದ ದಿನಾ ಅಕ್ಕ್ಯಾಗ ಬರಸೂದು."

ಸಾಲಿನಲ್ಲಿ ಕೂತಿದ್ದ ಕಮಲಾಕ್ಷಿ ತಲೆ ಎತ್ತಿದಳು. ಸುಷ್ಮಾ ಎಲ್ಲಿ ಹೋದಳು ಎಂದು ಅವಳು ಕೇಳಿದ್ದಳಲ್ಲ, ಅದು ಗುರುಬಾಯಿಗೆ ಈಗ ನೆನಪಾಯಿತು. ಅವತ್ತು ತಾನು ನಕ್ಕಿದ್ದೂ ನೆನಪಾಯಿತು. ಅವಳು ಮಗಳ ಕಡೆ ನೋಡಿದಳು. ಇನ್ನು ಸ್ವಲ್ಪ ದಿನಕ್ಕೆ ಈ ಹುಡುಗಿಯೂ ಇರುವುದಿಲ್ಲ. ಯಮುನಾಬಾಯಿ ಅನ್ನುವವಳೊಬ್ಬಳು ಇರುತ್ತಾಳೆ, ಅವಳು ಯಾರೋ ಏನೋ.

ಗುರುಬಾಯಿ ತಟ್ಟೆಯನ್ನು ಕೆಳಗಿಟ್ಟಳು.

"ಶಿವಾನಂದಪ್ಪಾರ, ನಿಮ್ಮನ್ನ ಒಂದು ಮಾತು ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ. ಅಜ್ಜಿನ್ನ ಬಿಟ್ಟು ಹೇಳ್ರಿ. ನಿಮಗ ಈ ಮದುವಿ ಬೇಕಾಗೈತೇನು?"

ಶಿವಶರಣಪ್ಪ ಕೆಮ್ಮಿದ. ಗಿರಿಜಾಬಾಯಿಯ ಬಾಯಿ ತೆರೆದೇ ಇತ್ತು. ನೀಲಾ ನಿಶ್ಚಯದ ದಿನ ಗೊತ್ತಾದಾಗಿನಿಂದ ಮೊದಲ ಬಾರಿಗೆ ಕಣ್ಣೆತ್ತಿ ತಾಯಿಯನ್ನು ನೋಡಿದಳು. ಎಲ್ಲರೂ ಹುಡುಗನ ಕಡೆ ತಿರುಗಿದರು. ಹೌದು ಅನ್ನಲು ಅವನಿಗೆ ಅಡ್ಡಿಯಿರಲಿಲ್ಲ. ಇಲ್ಲ ಅನ್ನಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬಾಗಿಲು ತೆರೆದು, ಕದ ಹಿಡಿದು ನಿಂತ ಹಾಗಿದ್ದಳು ಗುರುಬಾಯಿ. ಅವನು ಹೊರಗೆ ಕಾಲಿಟ್ಟರೆ ಸಾಕಿತ್ತು.

ಶಿವಾನಂದ ಕ್ಯಾಲೆಂಡರನ್ನು ನೋಡಿದ. ಕಿಟಕಿಯನ್ನು ನೋಡಿದ. ಕೊನೆಗೆ ಬಾಯಿ ಬಿಟ್ಟ.

"ಅಜ್ಜಿನ್ನ ಕೇಳಬೇಕಾಗ್ತೈತ್ರಿ."

"ಕೇಳ್ಕೊಂಡು ಬರ್ರಿ," ಎಂದಳು ಗುರುಬಾಯಿ. "ಟೇಸನ್ ಇಲ್ಲೇ ಐತಿ. ಊಟ ಮಾಡಿಕೊಂಡು ಹೋಗ್ರಿ, ಹೋಳಿಗಿ ಮಾಡೇನಿ. ಆದ್ರ ಈ ಸಕ್ಕರಿ ಇವತ್ತು ಹಂಚಂಗಿಲ್ಲ. ನನ್ನ ಮಗಳಿಗೆ ನೀಲಾ ಅಂತ ಹೆಸರೈತಿ, ಅದನ್ನ ಅಳಿಸಾಕ ನಾ ಅಕ್ಕಿ ಕೊಡಂಗಿಲ್ಲ."

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಗಿರಿಜಾಬಾಯಿ ಎದ್ದಳು, ಕೂತಳು, ಮತ್ತೆ ಎದ್ದಳು. ಹಿರಿಯರೊಬ್ಬರು ಮರ್ಯಾದೆಯ ಬಗ್ಗೆ ಮಾತಾಡಿದರು. ಶಿವಶರಣಪ್ಪ ಅಂಗಡಿಯಲ್ಲಿ ಗಿರಾಕಿಗೆ ಆಡುವ ಎಲ್ಲ ಸಮಾಧಾನದ ಮಾತುಗಳನ್ನೂ ಆಡಿದ, ಯಾರೂ ಕೊಳ್ಳಲಿಲ್ಲ. ಹೋಳಿಗೆ ಮುಟ್ಟದೆ ಅವರು ಮೆಟ್ಟಿಲಿಳಿದರು. ಎಲ್ಲರಿಗಿಂತ ಮುಂದೆ, ಸ್ವಲ್ಪ ಜೋರಾಗಿಯೇ ಇಳಿದವನು ಶಿವಾನಂದ. ಅವನಿಗೆ ಸಂತೋಷವಾಗಿತ್ತೇನೋ, ಹೇಳಿದ್ದರೆ ತಿಳಿಯುತ್ತಿತ್ತು.

ಹೆಂಗಸರು ಉಳಿದ ಹೋಳಿಗೆ ಹಂಚಿಕೊಂಡು ಹೊರಟರು. ಕಮಲಾಕ್ಷಿ ಬಾಗಿಲಲ್ಲಿ ಗುರುಬಾಯಿಯ ಕೈ ಒತ್ತಿ ಹಿಡಿದಳು. ನೀಲಾ ತಾಯಿಯ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಅತ್ತು ಮುಗಿಸಿ ಎರಡು ಹೋಳಿಗೆ ತಿಂದಳು. ಸಂಜೆಯ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೋದಳು.

ಗುರುಬಾಯಿ ನಡುಮನೆಯಲ್ಲಿ ಕೂತು ಎರಡೂ ನಾಲ್ಕನೇ ಭಾಗಗಳ ಹೊಲಿಗೆ ಬಿಚ್ಚತೊಡಗಿದಳು. ಸುಷ್ಮಾಳದ್ದು ಸುಷ್ಮಾಳಿಗೆ, ಮಾಧವಿಯದ್ದು ಮಾಧವಿಗೆ ಸೇರಿಸಿಡಬೇಕು. ಗಲ್ಲಿಯ ಹೆಂಗಸರಿಗೆ ಇನ್ನೊಮ್ಮೆ ಹಂಚಬೇಕು, ಈ ಸಲ ಒಂದನೇ ಭಾಗದಿಂದ.

ಶಿವಶರಣಪ್ಪ ಅಂಗಡಿ ಮುಚ್ಚಿ ಮೇಲೆ ಬಂದ. ಮುಖ ಬಿಗಿದಿತ್ತು. ಕೈಕಾಲು ತೊಳೆದು ಮಣೆಯ ಮೇಲೆ ಕೂತ.

"ಬಡಸು."

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಯಾರಿಗೆ ಹೇಳಾಕತ್ತೀರಿ?"

ಅವನು ಸುತ್ತ ನೋಡಿದ. ಒಳಗೆ ಅಂಬವ್ವ ಮಲಗಿದ್ದಳು. ಬೇರೆ ಯಾರೂ ಇರಲಿಲ್ಲ. "ನಿನಗ."

"ನನಗ ಹೆಸರೈತಿ. ಅದನ್ನ ಹಿಡದು ಕರೀರಿ."

ಇಪ್ಪತ್ತೈದು ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಕೇಳಿದ್ದು ಅವತ್ತೇ ಮೊದಲಿರಬೇಕು.

"ಯಾವ ಹೆಸರಿಲೆ ಕರೀಲಿ?"

ಗುರುಬಾಯಿಯ ಕೈ ನಿಂತಿತು. ಅದು ನಿಜವಾಗಿ ಕೇಳಿದ ಪ್ರಶ್ನೆ ಎಂದು ಅವಳಿಗೆ ಗೊತ್ತಾಯಿತು. ಅಂಬವ್ವ ತನ್ನ ಹೆಸರು ನೆನಪಾಗದೆ ಬೇಳೆಯ ಉಗಿ ನೋಡುತ್ತ ನಿಂತದ್ದು ಕಣ್ಣ ಮುಂದೆ ಬಂದು, ಉತ್ತರವನ್ನು ತಾನೇ ಎತ್ತಿ ಕೊಡಬಾರದು ಅನ್ನಿಸಿತು.

"ನೆನಪು ಮಾಡಿಕೊಳ್ರಿ," ಎಂದಳು. "ನೀವ ಅಕ್ಕಿ ತಟ್ಟ್ಯಾಗ ಅಳಿಸಿದ್ದು ಅದು."

ಅವಳು ದಾರ ಹಲ್ಲಿನಲ್ಲಿ ಕಡಿದು ಮಾಧವಿಯ ಭಾಗವನ್ನು ಪಕ್ಕಕ್ಕಿಟ್ಟಳು. ಶಿವಶರಣಪ್ಪ ಖಾಲಿ ತಾಟಿನ ಮುಂದೆ ಕಣ್ಣು ಮುಚ್ಚಿ ಕೂತೇ ಇದ್ದ. ಅವನಿಗೆ ಹಸಿವು ಚೆನ್ನಾಗಿ ಆಗಿತ್ತು, ಆದರೆ ಎರಡನೇ ಸಲ "ಬಡಸು" ಅನ್ನಲಿಲ್ಲ.